ಪರಕಾಯಪ್ರವೇಶ ಮಾಡಿದ ಎಂಜಿನ್ನು

ಒಂದು ಮೈಯನ್ನು ಬಿಟ್ಟು ಇನ್ನೊಂದು ಮೈಯನ್ನು ಹೊಗುವ ಪರಕಾಯಪ್ರವೇಶದ ಕಥೆಗಳು ನಮ್ಮಲ್ಲಿ ಹೇರಳವಾಗಿವೆ. ಶಂಕರಾಚಾರ್ಯರು ಅಮರುಕ ರಾಜನ ಕಳೇಬರವನ್ನು ಹೊಕ್ಕು ಕೆಲವು ಕಾಲ ರಾಜ್ಯವಾಳಿದರೆಂಬ ಐತಿಹ್ಯವನ್ನು ಕೇಳದವರಾರು? ಆ ಕಥೆಯಲ್ಲಿ ನನಗೆ ಯಾವಾಗಲೂ ಸ್ವಾರಸ್ಯವೆನಿಸಿರುವುದು ಅನಂತರ ಬರುವ ತೊಡಕು. ಮೈ ರಾಜನದೇ, ಮುಖ ರಾಜನದೇ. ನಡೆ ನುಡಿ ಮಾತ್ರ ಬೇರೆ. ಮಂತ್ರಿಗಳಿಗೆ ಸಂದೇಹ ಹುಟ್ಟುತ್ತದೆ. ಊರೆಲ್ಲ ಹುಡುಕಿ ಕಂಡ ಕಂಡ ಹೆಣಗಳನ್ನೆಲ್ಲ ಸುಟ್ಟುಬಿಡಿರೆಂದು ಆಜ್ಞೆ ಮಾಡುತ್ತಾರೆ. ಸಂದೇಹ ಬಂದೊಡನೆ ಸುಡುವುದಕ್ಕೆ ಹೊರಡುವುದು ಮನುಷ್ಯನ ಹಳೆಯ ಚಾಳಿ ಎಂದು ತೋರುತ್ತದೆ.

ಮೋಟಾರು ಕಾರುಗಳ ಲೋಕದಲ್ಲಿ ಈ ಪರಕಾಯಪ್ರವೇಶ ದಿನನಿತ್ಯದ ಸಂಗತಿ. ಒಂದು ಕಾರಿನ ಎಂಜಿನ್ನನ್ನು ಇಳಿಸಿ ಇನ್ನೊಂದರ ಒಡಲಿಗೆ ಏರಿಸುವುದು ನಮ್ಮ ಮೇಸ್ತ್ರಿಗಳಿಗೆ ಎರಡು ಮೂರು ದಿನದ ಕೆಲಸ. ಏರಿಸಿದ ಮೇಲೆ ಬರುವ ತೊಡಕಿನದೇ ಕಷ್ಟ. ಎಂಜಿನ್ನು ಹಿಂದಿನ ಮನೆಯಲ್ಲಿ ಕರೆದರೆ ಓಗೊಡುತ್ತಿತ್ತು. ಹೊಸ ಮನೆಗೆ ಬಂದ ಮೇಲೆ ಹತ್ತು ಬಾರಿ ಕರೆದರೂ ಏಳುವುದಿಲ್ಲ. ಆಗ ಹುಟ್ಟುವ ಮೊದಲನೆಯ ಸಂದೇಹ ಎಂಜಿನ್ನಿನ ಮೇಲೆ, ಎರಡನೆಯದು ಅದನ್ನು ತಂದುಕೊಟ್ಟವನ ಮೇಲೆ. ಈ ಎರಡು ಸಂದೇಹಗಳೂ ಒಂದು ಅಂಬಾಸಡರ್ ಕಾರಿನ ಸುತ್ತ ಬೆಳೆದು, ಐವತ್ತು ವರ್ಷದ ಒಂದು ವಿಶ್ವಾಸವನ್ನು ಮುರಿಯುವ ಹಂತಕ್ಕೆ ಬಂದುದನ್ನೂ, ಒಂದು ಚಿಕ್ಕ ಮೀಟರು ಅದನ್ನು ಉಳಿಸಿದುದನ್ನೂ ನಾನು ಹತ್ತಿರದಿಂದ ಕಂಡೆ. ಕನ್ನಡ ಪಾಠ ಹೇಳುವವನಿಗೆ ಈ ವಿಷಯದಲ್ಲಿ ಏನು ಅಧಿಕಾರ ಎಂದು ವಾಚಕರು ಕೇಳಬಹುದು. ಎಂಜಿನ್ನಿನ ವಿದ್ಯೆ ನನ್ನದಲ್ಲ. ಆದರೆ ಒಂದು ದೋಷದ ಮೂಲವನ್ನು ಹುಡುಕುವ ಕ್ರಮ ಎಲ್ಲ ವಿದ್ಯೆಗಳಿಗೂ ಸಾಮಾನ್ಯವಾದುದು. ಅದನ್ನು ಆ ದಿನ ಕಂಡಷ್ಟು ಸ್ಪಷ್ಟವಾಗಿ ನಾನು ಬೇರೆಲ್ಲಿಯೂ ಕಂಡಿಲ್ಲ.

ಅಂಬಾಸಡರಿನ ಎರಡು ಜೀವಗಳು

ಅಂಬಾಸಡರಿನ ವಂಶಾವಳಿಯನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಅದು ಇಂಗ್ಲೆಂಡಿನ ಮಾರಿಸ್ ಆಕ್ಸ್‌ಫರ್ಡ್ ಮೂರನೆಯ ಶ್ರೇಣಿಯ ಕಾರಿನ ಭಾರತೀಯ ಅವತಾರ. 1942ರಲ್ಲಿ ಸ್ಥಾಪಿತವಾದ ಹಿಂದುಸ್ಥಾನ್ ಮೋಟಾರ್ಸ್ ಸಂಸ್ಥೆ ಕಲ್ಕತ್ತೆಯ ಬಳಿಯ ಉತ್ತರಪಾರಾದ ಕಾರ್ಖಾನೆಯಲ್ಲಿ 1950ರ ದಶಕದ ಕೊನೆಯಿಂದ ಅದನ್ನು ತಯಾರಿಸತೊಡಗಿ, 2014ರ ಮೇ ತಿಂಗಳಲ್ಲಿ ನಿಲ್ಲಿಸಿತು. ಬಹುಕಾಲ ಅದರ ಹೃದಯವಾಗಿದ್ದುದು 1489 ಘನ ಸೆಂಟಿಮೀಟರಿನ ನಾಲ್ಕು ಸಿಲಿಂಡರಿನ ಪೆಟ್ರೋಲ್ ಎಂಜಿನ್ನು. ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನವರು ‘ಬಿ’ ಶ್ರೇಣಿ ಎಂದು ಕರೆಯುತ್ತಿದ್ದ ಈ ಕುಲದ ಎಂಜಿನ್ನೇ 1955ರಲ್ಲಿ ಎಂ.ಜಿ.ಎ. ಎಂಬ ವೇಗದ ಕಾರಿನಲ್ಲಿಯೂ ಇತ್ತು. ಅಲ್ಲಿ ಅದು ಚಿಗರೆಯಂತೆ ಓಡಿತು. ಇಲ್ಲಿ ಆರು ಜನರನ್ನೂ ಅವರ ಹಾಸಿಗೆ ಸುರುಳಿಗಳನ್ನೂ ಹೊತ್ತು ಎತ್ತಿನಂತೆ ನಡೆಯಿತು.

1980ರ ಸುಮಾರಿಗೆ ಅಂಬಾಸಡರಿನಲ್ಲಿ ಡೀಸೆಲ್ ಎಂಜಿನ್ನೂ ಬಂದಿತು. ಡೀಸೆಲಿನ ಬೆಲೆ ಪೆಟ್ರೋಲಿಗಿಂತ ಬಹಳ ಕಡಮೆಯಾಗಿದ್ದ ಕಾಲ ಅದು. ಹಳೆಯ ಪೆಟ್ರೋಲ್ ಗಾಡಿಯವರು ಅನೇಕರು ತಮ್ಮ ಕಾರಿನ ಎಂಜಿನ್ನನ್ನು ಇಳಿಸಿ ಡೀಸೆಲ್ ಎಂಜಿನ್ನನ್ನು ಹಾಕಿಸಿಕೊಂಡರು. ಈಗ ಗಾಳಿ ತಿರುಗಿದೆ. ಹಳೆಯ ಕಾರನ್ನು ಮೊದಲಿನ ರೂಪಕ್ಕೆ ತರುವ ಹಂಬಲ ಹಲವರಿಗೆ ಹುಟ್ಟಿದೆ. 2021ರ ಕೇಂದ್ರದ ನಿಯಮಗಳು ಐವತ್ತು ವರ್ಷ ಮೀರಿದ, ಮೂಲರೂಪದಲ್ಲಿ ಉಳಿದಿರುವ ವಾಹನಗಳಿಗೆ ‘ವಿಂಟೇಜ್’ ಎಂಬ ಪ್ರತ್ಯೇಕ ನೋಂದಣಿಯನ್ನು ಕಲ್ಪಿಸಿದ ಮೇಲೆ ಆ ಹಂಬಲಕ್ಕೆ ಒಂದು ಗುರಿಯೂ ದೊರಕಿತು. ಹೀಗೆ, ಪೆಟ್ರೋಲಿನಿಂದ ಡೀಸೆಲಿಗೆ ಹೋದ ಗಾಡಿಗಳು ಮತ್ತೆ ಪೆಟ್ರೋಲಿಗೆ ಮರಳುತ್ತಿವೆ. ಒಂದೇ ಒಡಲು, ಎರಡು ಬಾರಿ ಪರಕಾಯಪ್ರವೇಶ. (ಇಂಥ ಬದಲಾವಣೆಯನ್ನು ನೋಂದಣಿ ಪತ್ರದಲ್ಲಿ ಕ್ರಮವಾಗಿ ಬರೆಸಬೇಕೆಂಬುದನ್ನು ಮರೆಯುವವರು ಮುಂದೆ ಪರದಾಡುತ್ತಾರೆ.)

ನನ್ನ ಭಾವನವರ ಕಾರು ಈ ಜಾತಿಯದು. ಅವರ ತಂದೆ ಹುಣಸೂರಿನಲ್ಲಿ ವೈದ್ಯರಾಗಿದ್ದವರು. 1972ರಲ್ಲಿ ಕೊಂಡ ಆ ಕಾರಿನಲ್ಲಿ ರಾತ್ರಿಯೆನ್ನದೆ ಹಗಲೆನ್ನದೆ ಸುತ್ತಿನ ಹಳ್ಳಿಗಳಿಗೆ ಹೋಗಿ ಹೆರಿಗೆ ಮಾಡಿಸಿದವರು. ಆ ಕಾರಿನ ಕಾಯಿಲೆಗಳನ್ನು ನೋಡಿಕೊಳ್ಳುತ್ತಿದ್ದವರು ಮೈಸೂರಿನ ಮಂಡಿ ಮೊಹಲ್ಲದ ಒಬ್ಬ ಮೇಸ್ತ್ರಿ. ಎಲ್ಲರ ಬಾಯಲ್ಲೂ ‘ಉಸ್ತಾದ್’. ಡಾಕ್ಟರು ಉಸ್ತಾದರ ಮನೆಯವರಿಗೆ ಔಷಧಕ್ಕೆ ಹಣ ತೆಗೆದುಕೊಳ್ಳಲಿಲ್ಲ. ಉಸ್ತಾದರು ಡಾಕ್ಟರ ಕಾರಿಗೆ ಕೂಲಿಯ ಲೆಕ್ಕ ಬರೆಯಲಿಲ್ಲ. 1980ರ ದಶಕದಲ್ಲಿ ಡೀಸೆಲ್ ಎಂಜಿನ್ನನ್ನು ಏರಿಸಿದವರೂ ಅವರೇ. ಡಾಕ್ಟರು ತೀರಿಕೊಂಡ ಮೇಲೆ, ತಂದೆ ಕೊಂಡಾಗ ಇದ್ದಂತೆಯೇ ಅದನ್ನು ಮಾಡಬೇಕೆಂದು ಭಾವನವರು ಸಂಕಲ್ಪಿಸಿದರು. ಉಸ್ತಾದರಿಗೆ ಆಗ ಎಪ್ಪತ್ತು ದಾಟಿತ್ತು. ಕಣ್ಣಿನ ಪೊರೆ ತೆಗೆಸಿಕೊಂಡಿದ್ದರು. ಮಕ್ಕಳು ಬೇರೆ ಬೇರೆ ಉದ್ಯೋಗ ಹಿಡಿದಿದ್ದರಿಂದ ಷೆಡ್ಡನ್ನು ಮುಚ್ಚುವ ಯೋಚನೆಯಲ್ಲಿದ್ದರು. ‘ಇದೊಂದು ಕೆಲಸ ಮಾಡಿ ಬಾಗಿಲು ಹಾಕ್ತೀನಿ’ ಎಂದು ಒಪ್ಪಿಕೊಂಡರು. ಬೆಂಗಳೂರಿನ ಶಿವಾಜಿನಗರದ ಗುಜರಿಯಲ್ಲಿ ಒಂದು ಪೆಟ್ರೋಲ್ ಎಂಜಿನ್ನನ್ನು ಆರಿಸಿ ತಂದು, ಬಿಚ್ಚಿ, ತೊಳೆದು, ಹೊಸ ರಿಂಗುಗಳನ್ನು ತೊಡಿಸಿ ಕೂರಿಸಿದರು.

ಕಾರು ಹುಣಸೂರಿಗೆ ಹೋಯಿತು. ಹದಿನೈದು ದಿನದೊಳಗೆ ಅದು ಮನೆಯ ಮುಂದಿನ ಅವಮಾನವಾಯಿತು. ಬೆಳಿಗ್ಗೆ ಕೀಲಿ ತಿರುಗಿಸಿದರೆ ಸ್ಟಾರ್ಟರು, ಅಂದರೆ ನಮ್ಮ ಜನ ‘ಸೆಲ್ಫು’ ಎನ್ನುವುದು, ನರಳುತ್ತ ತಿರುಗುವುದು, ಎಂಜಿನ್ನು ಹಿಡಿಯದು. ಹತ್ತನೆಯ ಬಾರಿಗೋ ಹನ್ನೆರಡನೆಯ ಬಾರಿಗೋ ಹಿಡಿದರೆ ಪುಣ್ಯ. ಹತ್ತು ಮೈಲಿ ಓಡಿಸಿ ಎಲ್ಲಿಯಾದರೂ ಕಾಲು ಗಂಟೆ ನಿಲ್ಲಿಸಿದರೆ ಮತ್ತೆ ಅದೇ ಗೋಳು. ಓಡುವಾಗ ಮಾತ್ರ ಯಾವ ದೂರೂ ಇಲ್ಲ. ಬೇರೊಂದು ಗ್ಯಾರೇಜಿನವರು ನೋಡಿದರು. ಸಿಲಿಂಡರುಗಳ ಒತ್ತಡವನ್ನು ಅಳೆದು, ‘ಎಂಜಿನ್ನು ಸತ್ತಿದೆ. ಗುಜರಿಯ ಹೆಣವನ್ನು ನಿಮಗೆ ಕಟ್ಟಿದ್ದಾರೆ’ ಎಂದರು. ಕಾರನ್ನು ತೂಕಕ್ಕೆ ಹಾಕಿಬಿಡಿ ಎಂಬ ಸಲಹೆಯೂ ಬಂತು. ಭಾವನವರು ಉಸ್ತಾದರಿಗೆ ಕೊಡಬೇಕಾಗಿದ್ದ ಬಾಕಿಯನ್ನು ತಡೆಹಿಡಿದರು. ಫೋನಿನಲ್ಲಿ ಒಂದೆರಡು ಕಟುವಾದ ಮಾತುಗಳೂ ಆದುವು. ನನ್ನ ಅಕ್ಕ ಬರೆಯಿಸಿದಳು: ‘ನೀನು ಒಂದು ಸಲ ಅವರ ಜೊತೆ ಮೈಸೂರಿಗೆ ಹೋಗಿ ಬಾ. ಮಾವನವರು ಇದ್ದಿದ್ದರೆ ಸಾಹೇಬರನ್ನು ಕಳ್ಳ ಅನ್ನೋಕೆ ಬಿಡ್ತಿದ್ದರೆ?’

ಎಂಜಿನ್ನು ಏಳುವುದಕ್ಕೆ ಏನು ಬೇಕು

ಪರೀಕ್ಷೆಯ ಕಥೆಗೆ ಮೊದಲು ಒಂದಿಷ್ಟು ತತ್ತ್ವ. ಪೆಟ್ರೋಲ್ ಎಂಜಿನ್ನು ಏಳಬೇಕಾದರೆ ಐದು ಅಂಗಗಳು ಕೂಡಿಬರಬೇಕು. ಮೊದಲನೆಯದು, ತಕ್ಕಷ್ಟು ಚುರುಕಾಗಿ ಅದನ್ನು ತಿರುಗಿಸುವ ಬಲ. ಎರಡನೆಯದು, ಗಾಳಿಯೂ ಪೆಟ್ರೋಲೂ ಹದವಾಗಿ ಬೆರೆತ ಮಿಶ್ರಣ. ಎಂಜಿನ್ನು ತಣ್ಣಗಿರುವಾಗ ಪೆಟ್ರೋಲು ಹೆಚ್ಚು ಬೇಕು, ಅದಕ್ಕಾಗಿ ಚೋಕನ್ನು ಎಳೆಯುತ್ತೇವೆ. ಮೂರನೆಯದು, ಆ ಮಿಶ್ರಣವನ್ನು ಪಿಸ್ಟನ್ನು ಅದುಮಿ ಹುಟ್ಟಿಸುವ ಒತ್ತಡ. ನಾಲ್ಕನೆಯದು, ಬಲವಾದ ಕಿಡಿ. ಐದನೆಯದು, ಆ ಕಿಡಿ ಬರಬೇಕಾದ ಕ್ಷಣದಲ್ಲಿಯೇ ಬರುವುದು. ಡೀಸೆಲ್ ಎಂಜಿನ್ನಿಗಾದರೆ ಕಿಡಿಯೇ ಬೇಡ. ಗಾಳಿಯನ್ನು ಬಲವಾಗಿ ಅದುಮಿದಾಗ ಹುಟ್ಟುವ ಕಾವಿನಿಂದಲೇ ಇಂಧನ ಹೊತ್ತಿಕೊಳ್ಳುತ್ತದೆ. ಅದಕ್ಕೆ ಕಾಯಿಲಿಲ್ಲ, ಡಿಸ್ಟ್ರಿಬ್ಯೂಟರಿಲ್ಲ, ಚೋಕಿಲ್ಲ. ಆದ್ದರಿಂದ ಡೀಸೆಲಾಗಿದ್ದ ಒಡಲಿಗೆ ಪೆಟ್ರೋಲ್ ಎಂಜಿನ್ನನ್ನು ತಂದಾಗ ಈ ಮೂರಕ್ಕೂ ಬೇಕಾದ ತಂತಿ ಕೊಳವೆಗಳನ್ನು ಹೊಸದಾಗಿ ಎಳೆಯಬೇಕು. ದೋಷಗಳು ಬಂದು ಸೇರಿಕೊಳ್ಳುವುದು ಹೆಚ್ಚಾಗಿ ಇಂಥ ಸಂಧಿಗಳಲ್ಲಿಯೇ. ನಮ್ಮ ವ್ಯಾಕರಣದಲ್ಲಿಯೂ ಹಾಗೆ: ಎರಡು ಪದಗಳೂ ಶುದ್ಧವಾಗಿರುತ್ತವೆ, ತಪ್ಪುವುದು ಸಂಧಿಯಲ್ಲಿ.

ಎಂಜಿನ್ನು ಬದಲಿಸಿದ ಗಾಡಿ ಸುಲಭವಾಗಿ ಏಳದಿದ್ದರೆ ಕೇಳಬೇಕಾದ ಮೊದಲ ಪ್ರಶ್ನೆ, ‘ಎಂಜಿನ್ನು ಹಳೆಯದೋ ಹೊಸದೋ’ ಎಂಬುದಲ್ಲ; ‘ಯಾವುದನ್ನು ಬಿಚ್ಚಿದ್ದೆವು, ಯಾವುದನ್ನು ಮತ್ತೆ ಕಟ್ಟಲಿಲ್ಲ’ ಎಂಬುದು. ಎರಡನೆಯ ಪ್ರಶ್ನೆ, ಕಾಯಿಲೆ ಯಾವ ಹೊತ್ತಿನದು: ತಣ್ಣಗಿರುವಾಗಲೋ, ಬಿಸಿಯಾದಾಗಲೋ, ಎರಡರಲ್ಲಿಯೋ? ತಣ್ಣಗಿರುವಾಗಿನ ತೊಂದರೆಗೂ ಬಿಸಿಯಾದಾಗಿನ ತೊಂದರೆಗೂ ಕಾರಣಗಳು ಸಾಮಾನ್ಯವಾಗಿ ಬೇರೆ. ಈ ಭೇದವನ್ನು ಗಮನಿಸದೆ ಒಂದೇ ಕಾರಣಕ್ಕಾಗಿ ಹುಡುಕಿದವರು ಪ್ಲಗ್ಗು, ಪಾಯಿಂಟು, ಬ್ಯಾಟರಿ, ಪಂಪುಗಳನ್ನು ಒಂದಾದ ಮೇಲೊಂದು ಕೊಂಡು ಹಣ ಕಳೆಯುತ್ತಾರೆ.

ಮೀಟರು ಹೇಳಿದ ಸಾಕ್ಷ್ಯ

ಕಾರನ್ನು ಲಾರಿಯ ಮೇಲೆ ಹೇರಿಕೊಂಡು ನಾವು ಮಂಡಿ ಮೊಹಲ್ಲಕ್ಕೆ ಹೋದಾಗ ಉಸ್ತಾದರು ಬೇಸರವನ್ನು ತೋರಿಸಿಕೊಳ್ಳಲಿಲ್ಲ. ‘ಬನ್ನಿ ಚಿಕ್ಕೆಜಮಾನ್ರೆ’ ಎಂದು ಭಾವನವರಿಗೆ ಸ್ಟೂಲು ಹಾಕಿದರು. ಆ ಗ್ಯಾರೇಜಿನವರು ಅಳೆದ ಒತ್ತಡದ ಅಂಕಿಗಳನ್ನು ಮೊದಲು ಕೇಳಿದರು. ಭಾವನವರು ಚೀಟಿಯನ್ನು ತೆಗೆದು ಕೊಟ್ಟರು. ಕಣ್ಣಿಗೆ ಹತ್ತಿರ ಹಿಡಿದು ನೋಡಿ, ನನ್ನ ಕೈಗೆ ಕೊಟ್ಟು, ‘ಓದಿ ಮೇಷ್ಟ್ರೆ’ ಎಂದರು. ಚದರ ಅಂಗುಲಕ್ಕೆ 95, 97, 94, 96 ಪೌಂಡು. ಇಂಥ ಎಂಜಿನ್ನಿನಲ್ಲಿ ಇದು ನಿಜವಾಗಿಯೂ ಕಡಮೆ.

‘ನಾಕೂ ಒಂದೇ ಸಮ ಇದೆಯಲ್ಲ?’ ಎಂದರು ಉಸ್ತಾದರು. ‘ನಾಕು ಮಕ್ಕಳಿಗೂ ಒಂದೇ ದಿನ ಒಂದೇ ಅಷ್ಟು ಜ್ವರ ಬಂದ್ರೆ, ಮಕ್ಕಳನ್ನಲ್ಲ, ಥರ್ಮಾಮೀಟರ್ ನೋಡ್ಬೇಕು.’

ಈ ಮಾತಿನ ಹಿಂದೆ ಎಷ್ಟು ತರ್ಕವಿದೆಯೆಂಬುದು ಅನಂತರ ತಿಳಿಯಿತು. ಸವೆದ ಎಂಜಿನ್ನಿನಲ್ಲಿ ಸಾಮಾನ್ಯವಾಗಿ ಒಂದು ಸಿಲಿಂಡರು ಹೆಚ್ಚು, ಇನ್ನೊಂದು ಕಡಮೆ ಸವೆದಿರುತ್ತದೆ. ನಾಲ್ಕೂ ಒಂದೇ ಅಳತೆಯಲ್ಲಿ ಇಳಿದಿದ್ದರೆ ಅಳೆದ ಸಂದರ್ಭವನ್ನು ಪರೀಕ್ಷಿಸಬೇಕು. ಒತ್ತಡವನ್ನು ಅಳೆಯುವಾಗ ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಗಾಳಿಗೆ ದಾರಿ ಮಾಡಿಕೊಟ್ಟು, ಎಂಜಿನ್ನನ್ನು ಚುರುಕಾಗಿ ತಿರುಗಿಸಬೇಕು. ಗಾಳಿಯ ದಾರಿ ಮುಚ್ಚಿದ್ದರೆ, ಅಥವಾ ಎಂಜಿನ್ನು ನಿಧಾನವಾಗಿ ತಿರುಗುತ್ತಿದ್ದರೆ, ಒಳ್ಳೆಯ ಎಂಜಿನ್ನೂ ಕಡಮೆ ಅಂಕಿಯನ್ನೇ ತೋರಿಸುತ್ತದೆ. ಮಾಪಕ ಸುಳ್ಳು ಹೇಳಿರಲಿಲ್ಲ. ಅದರ ಮಾತಿಗೆ ಅರ್ಥ ಹೇಳಿದವರು ಅವಸರಪಟ್ಟಿದ್ದರು.

ಆದ್ದರಿಂದ ಮೊದಲ ಪ್ರಶ್ನೆ, ಎಂಜಿನ್ನು ಇಷ್ಟು ನಿಧಾನವಾಗಿ ಏಕೆ ತಿರುಗುತ್ತದೆ? ಬ್ಯಾಟರಿಯನ್ನು ಅಳೆದಾಗ 12.6 ವೋಲ್ಟು ಇತ್ತು. ಅಂದರೆ ಪೂರ್ತಿ ತುಂಬಿತ್ತು. ಕಿಡಿ ಬಾರದಂತೆ ಕಾಯಿಲಿನ ದೊಡ್ಡ ತಂತಿಯನ್ನು ಬಿಚ್ಚಿ ಎಂಜಿನ್ನಿನ ಮೈಗೆ ಕಟ್ಟಿ, ಹುಡುಗನೊಬ್ಬನಿಗೆ ಕೀಲಿ ತಿರುಗಿಸಲು ಹೇಳಿ, ಉಸ್ತಾದರು ಮೀಟರಿನ ಎರಡು ಕಡ್ಡಿಗಳನ್ನು ಒಂದೊಂದು ಜಾಗಕ್ಕೆ ಮುಟ್ಟಿಸುತ್ತ ಹೋದರು. ಅಂಕಿ ಓದುವ ಕೆಲಸ ನನ್ನದಾಯಿತು. ಸೆಲ್ಫು ತಿರುಗುತ್ತಿರುವಾಗ ಬ್ಯಾಟರಿಯ ಎರಡು ಕೊನೆಗಳ ನಡುವೆ 10.8. ಸೆಲ್ಫಿನ ತುದಿಗೂ ಅದರ ಮೈಗೂ ನಡುವೆ 7. ಹಾಗಾದರೆ 3.8 ವೋಲ್ಟು ದಾರಿಯಲ್ಲಿ ಎಲ್ಲೋ ಸೋರಿಹೋಗುತ್ತಿದೆ. ಬ್ಯಾಟರಿಯಿಂದ ಸೆಲ್ಫಿಗೆ ಹೋಗುವ ದಪ್ಪ ತಂತಿಯಲ್ಲಿ ಸೋರಿಕೆ 0.3, ಇದು ಕ್ಷಮ್ಯ. ಉಳಿದ 3.5 ವೋಲ್ಟು ಎಂಜಿನ್ನಿನ ಮೈಗೂ ಬ್ಯಾಟರಿಯ ಋಣ ಕೊನೆಗೂ ನಡುವೆ ಸಿಕ್ಕಿತು. ಅಲ್ಲಿ ಅರ್ಧ ವೋಲ್ಟಿಗಿಂತ ಹೆಚ್ಚು ಇರಕೂಡದು.

ವಿದ್ಯುತ್ತು ಹೋದರೆ ಸಾಲದು, ಮರಳಿ ಬರಬೇಕು. ಕಾರಿನಲ್ಲಿ ಹೋಗುವುದಕ್ಕೆ ತಂತಿಯಿದೆ; ಮರಳುವುದಕ್ಕೆ ಕಾರಿನ ಲೋಹದ ಒಡಲೇ ದಾರಿ. ಆದರೆ ಎಂಜಿನ್ನು ಕುಳಿತಿರುವುದು ರಬ್ಬರಿನ ದಿಂಡುಗಳ ಮೇಲೆ. ರಬ್ಬರಿನಲ್ಲಿ ವಿದ್ಯುತ್ತು ಹರಿಯದು. ಅದಕ್ಕಾಗಿ ಎಂಜಿನ್ನಿಗೂ ಒಡಲಿಗೂ ನಡುವೆ ತಾಮ್ರದ ಹೆಣೆದ ಪಟ್ಟಿಯೊಂದನ್ನು ಕಟ್ಟುತ್ತಾರೆ. ಮೇಸ್ತ್ರಿಗಳ ಮಾತಿನಲ್ಲಿ ‘ಅರ್ತ್ ಪಟ್ಟಿ’. ಡೀಸೆಲ್ ಎಂಜಿನ್ನನ್ನು ಇಳಿಸಿದಾಗ ಆ ಪಟ್ಟಿ ಅದರ ಹಿಂಬದಿಗೇ ಅಂಟಿಕೊಂಡು ಗುಜರಿಗೆ ಹೋಗಿಬಿಟ್ಟಿತ್ತು. ಹಾಗಾದರೆ ಇಷ್ಟು ದಿನ ಸೆಲ್ಫು ಅಷ್ಟಾದರೂ ಹೇಗೆ ತಿರುಗಿತು? ಉಸ್ತಾದರು ನನ್ನ ಕೈಯನ್ನು ಹಿಡಿದು ಚೋಕಿನ ತಂತಿಯ ಕವಚದ ಮೇಲಿಟ್ಟರು. ಕೈ ಚುರುಕ್ಕೆಂದಿತು. ನೂರಾರು ಆಂಪಿಯರಿನ ಪ್ರವಾಹ ಬೇರೆ ಹೆದ್ದಾರಿ ಕಾಣದೆ ಚೋಕಿನ ತಂತಿ, ಆಕ್ಸಿಲರೇಟರಿನ ಕೊಂಡಿ ಮುಂತಾದ ಕಾಲುದಾರಿಗಳಲ್ಲಿ ನುಸುಳಿ ಮನೆಗೆ ಮರಳುತ್ತಿತ್ತು. ಹೀಗೆ ಕಾದು ಕಾದು ಚೋಕಿನ ತಂತಿ ಕವಚದೊಳಗೆ ಬಿಗಿದುಕೊಂಡಿತ್ತು; ಗುಂಡಿಯನ್ನು ಎಳೆದರೂ ಕಾರ್ಬುರೇಟರಿನ ಬಳಿ ಚೋಕು ಅರ್ಧಕ್ಕೆ ನಿಲ್ಲುತ್ತಿತ್ತು. ತಣ್ಣಗಿರುವಾಗ ಪೆಟ್ರೋಲು ಹೆಚ್ಚು ಬೇಕಾದಲ್ಲಿ ಅದೂ ಸಾಲುತ್ತಿರಲಿಲ್ಲ. ಒಂದು ಪಟ್ಟಿಯ ಅಭಾವ ಎರಡು ಅಂಗಗಳನ್ನು ಊನಗೊಳಿಸಿತ್ತು.

ಆ ಚೋಕಿನ ಗುಂಡಿಯ ವಿಷಯದಲ್ಲಿ ಒಂದು ಸ್ವಾರಸ್ಯವುಂಟು. ಡೀಸೆಲ್ ಎಂಜಿನ್ನನ್ನು ನಿಲ್ಲಿಸುವುದಕ್ಕೆ ಎಳೆಯುವ ಗುಂಡಿಯೊಂದಿರುತ್ತದೆ. ಪೆಟ್ರೋಲಿಗೆ ಮರಳಿದಾಗ ಉಸ್ತಾದರು ಅದರ ತಂತಿಯನ್ನೇ ಚೋಕಿಗೆ ಕಟ್ಟಿದ್ದರು. ನಿನ್ನೆಯವರೆಗೆ ನಿಲ್ಲು ಎನ್ನುತ್ತಿದ್ದ ಗುಂಡಿ ಇಂದು ಏಳು ಎನ್ನುತ್ತದೆ. ಭಾಷೆಯಲ್ಲಿಯೂ ಇಂಥವು ನಡೆಯುತ್ತವೆ. ‘ನಾತ’ ಎಂದರೆ ಹಿಂದೆ ಬರಿಯ ವಾಸನೆ, ಸುವಾಸನೆಯೂ ಆಗಬಹುದಾಗಿತ್ತು. ಈಗ ಮೂಗು ಮುಚ್ಚಿಕೊಳ್ಳಬೇಕು. ಶಬ್ದ ಅದೇ, ಕಟ್ಟಿರುವ ತಂತಿ ಬೇರೆ.

ಹೊಸ ಪಟ್ಟಿ ಕಟ್ಟಿಯಾಯಿತು. ಮತ್ತೆ ಅಳೆದೆವು. ಎಂಜಿನ್ನಿನಿಂದ ಬ್ಯಾಟರಿಗೆ ಮರಳುವ ದಾರಿಯ ಸೋರಿಕೆ 0.2ಕ್ಕೆ ಇಳಿದಿತ್ತು, ಸೆಲ್ಫಿಗೆ 9.7 ವೋಲ್ಟು ಸಿಕ್ಕುತ್ತಿತ್ತು. ಅದರ ದನಿಯೇ ಬದಲಾಯಿತು. ಆಮೇಲೆ ಉಸ್ತಾದರು ಏನನ್ನೂ ಹೇಳದೆ ಒತ್ತಡದ ಮಾಪಕವನ್ನು ತಂದು, ನಾಲ್ಕು ಪ್ಲಗ್ಗುಗಳನ್ನೂ ತೆಗೆದು, ಭಾವನವರನ್ನೇ ಕರೆದು ಆಕ್ಸಿಲರೇಟರನ್ನು ಒತ್ತಿ ಹಿಡಿಯಲು ಹೇಳಿದರು. ನಾನು ಗಟ್ಟಿಯಾಗಿ ಓದಿದೆ: 138, 142, 140, 136. ಭಾವನವರು ಕಾರಿನೊಳಗಿಂದ, ‘ಇನ್ನೊಂದು ಸಲ ಓದು’ ಎಂದರು. ಓದಿದೆ. ಎಂಜಿನ್ನು ಹೆಣವಾಗಿರಲಿಲ್ಲ.

ಕೀಲಿ ಬಿಟ್ಟಾಗ ಬರುವ ಪ್ರಾಣ

ಇಷ್ಟಾದರೂ ಕಾರು ಒಡನೆ ಏಳಲಿಲ್ಲ. ಸೆಲ್ಫು ಚೆನ್ನಾಗಿ ತಿರುಗುವುದು, ಎಂಜಿನ್ನು ಸುಮ್ಮನಿರುವುದು; ಬೇಸತ್ತು ಕೀಲಿಯನ್ನು ಬಿಟ್ಟ ಆ ಗಳಿಗೆಯಲ್ಲಿಯೇ ಒಂದು ಸಲ ಕೆಮ್ಮುವುದು. ಕೆಲವು ಸಲ ಹಾಗೆ ಕೆಮ್ಮಿಯೇ ಹಿಡಿದುಕೊಳ್ಳುವುದು. ಉಸ್ತಾದರು ಎರಡು ಬಾರಿ ಕೇಳಿ, ‘ಕೀಲಿ ಬಿಟ್ಟಾಗ ಪ್ರಾಣ ಬರ್ತದೆ. ಹಿಡಿದಾಗ ಇಲ್ಲ. ಕಾಯಿಲಿಗೆ ಊಟ ಎಲ್ಲಿಂದ ಬರ್ತದೆ ನೋಡೋಣ’ ಎಂದರು. ಚಿಕ್ಕ ಬಲ್ಬೊಂದಕ್ಕೆ ಎರಡು ತಂತಿ ಕಟ್ಟಿ, ಒಂದನ್ನು ಕಾಯಿಲಿನ ಧನ ತುದಿಗೂ ಇನ್ನೊಂದನ್ನು ಎಂಜಿನ್ನಿನ ಮೈಗೂ ಮುಟ್ಟಿಸಿದರು. ಕೀಲಿಯನ್ನು ಅರ್ಧ ತಿರುಗಿಸಿದಾಗ ಬಲ್ಬು ಉರಿಯಿತು. ಪೂರ್ತಿ ತಿರುಗಿಸಿ ಸೆಲ್ಫು ಹೊಡೆದಾಗ ಆರಿಹೋಯಿತು. ಬಿಟ್ಟಾಗ ಮತ್ತೆ ಉರಿಯಿತು.

ಕೀಲಿಯ ಸ್ವಿಚ್ಚಿನಲ್ಲಿ ಎರಡು ಬಗೆಯ ತುದಿಗಳಿರುತ್ತವೆ. ಫ್ಯಾನು, ರೇಡಿಯೋ ಮುಂತಾದ ಉಪಕರಣಗಳ ತುದಿಗೆ ಸೆಲ್ಫು ತಿರುಗುವಾಗ ವಿದ್ಯುತ್ತು ನಿಲ್ಲುತ್ತದೆ. ಬ್ಯಾಟರಿಯ ಬಲವೆಲ್ಲ ಸೆಲ್ಫಿಗೇ ಸಿಕ್ಕಲೆಂಬುದು ಉದ್ದೇಶ. ಕಾಯಿಲಿನ ತುದಿಗೆ ಆಗಲೂ ನಿಲ್ಲುವುದಿಲ್ಲ. ಡೀಸೆಲಿನ ಕಾಲದಲ್ಲಿ ಕಾಯಿಲೇ ಇರಲಿಲ್ಲವಾದ್ದರಿಂದ ಆ ತುದಿಯ ತಂತಿ ಎಂದೋ ಕಿತ್ತುಹೋಗಿತ್ತು. ಹೊಸ ತಂತಿಯನ್ನು ಎಳೆಯುವಾಗ ಷೆಡ್ಡಿನ ಹುಡುಗ ಕೀಲಿ ತಿರುಗಿಸಿದರೆ ಉರಿಯುವ ಒಂದು ತುದಿಯನ್ನು ಹುಡುಕಿ ಕಟ್ಟಿಬಿಟ್ಟಿದ್ದ. ಸೆಲ್ಫು ತಿರುಗುವಾಗಲೂ ಅದು ಉರಿಯುತ್ತದೆಯೇ ಎಂದು ನೋಡಿರಲಿಲ್ಲ. ಹೀಗಾಗಿ ಕಿಡಿ ಬೇಕಾದಾಗ ಕಿಡಿಯಿಲ್ಲ. ಕೀಲಿ ಬಿಟ್ಟ ಮೇಲೆ, ಎಂಜಿನ್ನು ಉಳಿದ ವೇಗದಲ್ಲಿ ಅರ್ಧ ಸುತ್ತು ತಿರುಗುವಾಗ ಮಾತ್ರ ಕಿಡಿ. ಇಷ್ಟು ದಿನ ಕಾರು ಎದ್ದದ್ದೆಲ್ಲ ಆ ಅರ್ಧ ಸುತ್ತಿನ ಕೃಪೆಯಿಂದ. ತಂತಿಯನ್ನು ಒಂದು ಅಂಗುಲ ಪಕ್ಕಕ್ಕೆ ಸರಿಸಿದ್ದೇ ಚಿಕಿತ್ಸೆ. ಕೀಲಿ ತಿರುಗಿಸಿದರೆ ಎರಡನೆಯ ಸುತ್ತಿಗೆ ಎಂಜಿನ್ನು ಎದ್ದು ಕುಳಿತಿತು.

ಬೇರೆ ಕೆಲವು ಕಾರುಗಳಲ್ಲಿ ಇದೇ ಲಕ್ಷಣಕ್ಕೆ ಇನ್ನೊಂದು ಕಾರಣವೂ ಉಂಟು. ಕೆಲವು ಕಾಯಿಲುಗಳು ಒಂದು ರೋಧಕದ ಮೂಲಕ ಕಡಮೆ ವೋಲ್ಟಿನಲ್ಲಿ ಕೆಲಸ ಮಾಡುವಂತೆ ರಚಿತವಾಗಿರುತ್ತವೆ. ಸೆಲ್ಫು ತಿರುಗುವಾಗ ಮಾತ್ರ ರೋಧಕವನ್ನು ದಾಟಿ ಬ್ಯಾಟರಿಯ ಪೂರ್ತಿ ಬಲ ಕಾಯಿಲಿಗೆ ಬರಲೆಂದು ಪ್ರತ್ಯೇಕ ತಂತಿಯೊಂದಿರುತ್ತದೆ. ಎಂಜಿನ್ನು ಬದಲಿಸುವಾಗ ಆ ತಂತಿ ಬಿಟ್ಟುಹೋದರೆ ಕಿಡಿ ಸೊರಗುತ್ತದೆ. ಹಳೆಯ ಬ್ರಿಟಿಷ್ ಕಾರುಗಳಲ್ಲಿ ಬ್ಯಾಟರಿಯ ಧನ ಕೊನೆಯನ್ನು ಒಡಲಿಗೆ ಕಟ್ಟುವ ಪದ್ಧತಿಯಿತ್ತು. ಅದನ್ನು ಈಗಿನಂತೆ ತಿರುಗಿಸಿದಾಗ ಕಾಯಿಲಿನ ತಂತಿಗಳನ್ನು ಅದಲು ಬದಲು ಮಾಡಲು ಮರೆತರೂ ಕಿಡಿ ದುರ್ಬಲವಾಗುತ್ತದೆ. ಇನ್ನು ಕಿಡಿಯ ಕಾಲದ ಮಾತು. ಅಂಬಾಸಡರಿನ ಎಂಜಿನ್ನಿನಲ್ಲಿ ಸಿಲಿಂಡರುಗಳ ಸರದಿ 1, 3, 4, 2. ಒಂದನೆಯ ಪಿಸ್ಟನ್ನು ಮೇಲಕ್ಕೆ ಬರುವುದು ಎರಡು ಬಾರಿ: ಮಿಶ್ರಣವನ್ನು ಅದುಮುವಾಗ ಒಂದು, ಹೊಗೆಯನ್ನು ಹೊರದೂಡುವಾಗ ಒಂದು. ಎರಡನೆಯದನ್ನು ಮೊದಲನೆಯದೆಂದು ತಿಳಿದು ಡಿಸ್ಟ್ರಿಬ್ಯೂಟರನ್ನು ಕೂರಿಸಿದರೆ ಎಂಜಿನ್ನು ಏಳುವುದೇ ಇಲ್ಲ. ಉಸ್ತಾದರು ಇದನ್ನೂ, 0.015 ಅಂಗುಲ ಇರಬೇಕಾದ ಪಾಯಿಂಟಿನ ಅಂತರವನ್ನೂ ನೋಡಿದರು. ಎರಡೂ ಸರಿಯಾಗಿದ್ದುವು. ಟ್ಯಾಂಕಿನಲ್ಲಿ ಹಳೆಯ ಡೀಸೆಲು ಉಳಿದಿರಬಹುದೇ ಎಂದು ನಾನು ಕೇಳಿದೆ. ‘ಟ್ಯಾಂಕು ಇಳಿಸಿ ಮೂರು ಸಲ ತೊಳೆದಿದೀನಿ’ ಎಂದರು. ಆದರೂ ನನ್ನ ಸಮಾಧಾನಕ್ಕಾಗಿ ಪೆಟ್ರೋಲನ್ನು ಒಂದು ಗಾಜಿನ ಲೋಟಕ್ಕೆ ಇಳಿಸಿ ಮೂಸಲು ಕೊಟ್ಟರು.

ಒದ್ದೆ ಬಟ್ಟೆಯ ಪರೀಕ್ಷೆ

ಮೂರನೆಯ ದೋಷ ಕಾವಿನದು. ಕಾರನ್ನು ಚಾಮುಂಡಿ ಬೆಟ್ಟದ ಮೇಲಕ್ಕೆ ಓಡಿಸಿ, ಕೆಳಗೆ ತಂದು, ಕಾಲು ಗಂಟೆ ನಿಲ್ಲಿಸಿದೆವು. ಮತ್ತೆ ಕೀಲಿ ತಿರುಗಿಸಿದಾಗ ಏಳಲಿಲ್ಲ. ಭಾವನವರ ಮುಖ ಮತ್ತೆ ಬಿಗಿಯಿತು. ಉಸ್ತಾದರು ಒಂದು ಪ್ಲಗ್ಗನ್ನು ಬಿಚ್ಚಿ ನೋಡಿದರು. ಅದು ಒಣಗಿತ್ತು. ಒದ್ದೆಯಾಗಿದ್ದರೆ ಕಾರ್ಬುರೇಟರಿನಲ್ಲಿ ಪೆಟ್ರೋಲು ಕುದಿದು ಎಂಜಿನ್ನಿನೊಳಕ್ಕೆ ಉಕ್ಕಿದೆಯೆಂದು ಅರ್ಥ. ಆಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫು ಹೊಡೆಯಬೇಕು, ಪದೇ ಪದೇ ತುಳಿಯಬಾರದು. ಒಣಗಿದ್ದರೆ ಕೊಳವೆಯಲ್ಲಿ ಪೆಟ್ರೋಲು ಆವಿಯಾಗಿ ದಾರಿಯನ್ನು ಕಟ್ಟಿದೆ. ಬಾವಿಯ ನೀರಿನಲ್ಲಿ ಬಟ್ಟೆಯನ್ನು ಅದ್ದಿ ಪಂಪಿಗೂ ಕೊಳವೆಗೂ ಸುತ್ತಿದರು. ಐದು ನಿಮಿಷದಲ್ಲಿ ಕಾರು ಎದ್ದಿತು. ಹಿಂದೆ ಆಗುಂಬೆಯ, ಚಾರ್ಮಾಡಿಯ ಘಟ್ಟ ಹತ್ತುತ್ತಿದ್ದ ಚಾಲಕರು ಈ ಒದ್ದೆ ಬಟ್ಟೆಯನ್ನು ಚಿಕಿತ್ಸೆಯಾಗಿ ಬಳಸುತ್ತಿದ್ದರು. ಉಸ್ತಾದರು ಅದನ್ನೇ ಪರೀಕ್ಷೆಯಾಗಿ ಬಳಸಿದರು.

ಈ ಎಂಜಿನ್ನಿನಲ್ಲಿ ಕಾರ್ಬುರೇಟರೂ ಹೊಗೆಯ ಕೊಳವೆಯೂ ಒಂದೇ ಮಗ್ಗುಲಲ್ಲಿವೆ. ಒಲೆಯ ಮೇಲೆಯೇ ನೀರಿನ ಗಡಿಗೆಯನ್ನು ಇಟ್ಟ ಹಾಗೆ. ಅದಕ್ಕಾಗಿ ನಡುವೆ ಕಾವನ್ನು ತಡೆಯುವ ತಗಡೂ ದಪ್ಪನೆಯ ಪ್ಯಾಕಿಂಗೂ ಇರಬೇಕು. ಗುಜರಿಯಿಂದ ಬಂದ ಎಂಜಿನ್ನಿನ ಜೊತೆ ತಗಡು ಬಂದಿರಲಿಲ್ಲ. ಪೆಟ್ರೋಲಿನ ರಬ್ಬರು ಕೊಳವೆಯೂ ಹೊಗೆಯ ಕೊಳವೆಗೆ ಎರಡು ಬೆರಳಿನಷ್ಟು ಹತ್ತಿರದಲ್ಲಿ ಹಾದುಹೋಗಿತ್ತು. ಇದಲ್ಲದೆ ಕಾಲಧರ್ಮವೂ ಒಂದಿದೆ. 2025ರ ಹೊತ್ತಿಗೆ ನಮ್ಮ ದೇಶದ ಪೆಟ್ರೋಲಿನಲ್ಲಿ ನೂರಕ್ಕೆ ಇಪ್ಪತ್ತು ಪಾಲು ಎಥನಾಲು ಬೆರೆಯತೊಡಗಿತು. ಎಥನಾಲು ಸುಮಾರು 78 ಡಿಗ್ರಿಯಲ್ಲಿಯೇ ಕುದಿಯುತ್ತದೆ. ಹಳೆಯ ಬಗೆಯ ರಬ್ಬರನ್ನು ಮೆತ್ತಗೆ ಮಾಡಿ ಉಬ್ಬಿಸುತ್ತದೆ. 1972ರ ಕಾರಿಗೆ ಈ ಪಾನದ ಅಭ್ಯಾಸವಿಲ್ಲ. ಕೊಳವೆಯನ್ನು ದೂರ ಸರಿಸಿ, ಎಥನಾಲಿಗೆ ತಡೆಯುವ ಹೊಸ ರಬ್ಬರನ್ನು ಹಾಕಿ, ತಗಡೊಂದನ್ನು ಕತ್ತರಿಸಿ ಕೂರಿಸಿದರು. ಮರುದಿನ ಅದೇ ಬೆಟ್ಟ, ಅದೇ ಕಾಲು ಗಂಟೆ. ಕಾರು ಕರೆದೊಡನೆ ಎದ್ದಿತು.

ಮೂರು ದೋಷಗಳೂ ಒಂದೇ ದೂರಿನ ರೂಪದಲ್ಲಿ ಬಂದಿದ್ದುವು: ‘ಸ್ಟಾರ್ಟ್ ಆಗುವುದಿಲ್ಲ’. ಒಂದನ್ನು ಸರಿಪಡಿಸಿದಾಗ ಇನ್ನೊಂದು ಉಳಿದಿರುತ್ತಿದ್ದುದರಿಂದ, ಅವಸರಪಡುವವನು ಮೊದಲನೆಯ ಚಿಕಿತ್ಸೆಯೇ ವ್ಯರ್ಥವಾಯಿತೆಂದು ತಿಳಿಯಬಹುದಾಗಿತ್ತು. ಉಸ್ತಾದರು ಒಂದು ಬಾರಿಗೆ ಒಂದನ್ನೇ ಬದಲಿಸಿದರು. ಬದಲಿಸುವ ಮುನ್ನ ಅಳೆದರು, ಬದಲಿಸಿದ ಮೇಲೆ ಮತ್ತೆ ಅಳೆದರು. ನಮ್ಮ ಗ್ರಂಥಸಂಪಾದನ ಶಾಸ್ತ್ರ ವಿದ್ಯಾರ್ಥಿಗಳಿಗೆ ಹೇಳುವುದೂ ಇದನ್ನೇ. ಓಲೆಗರಿಯ ಪದ್ಯವೊಂದು ಛಂದಸ್ಸಿಗೆ ಹೊಂದದಿದ್ದರೆ ಕವಿಗೆ ಛಂದಸ್ಸು ಬಾರದೆಂದು ಹೇಳುವುದು ಎಲ್ಲಕ್ಕಿಂತ ಸುಲಭ. ಲಿಪಿಕಾರನ ಕೈಯಲ್ಲಿ ಅಕ್ಷರವೊಂದು ಬಿಟ್ಟುಹೋಗಿರಬಹುದೇ, ಗರಿಗಳು ಹಿಂದು ಮುಂದಾಗಿರಬಹುದೇ ಎಂದು ಮೊದಲು ನೋಡಬೇಕು. ಕವಿಯನ್ನು ಶಂಕಿಸುವುದು ಕಟ್ಟಕಡೆಗೆ. ಎಂಜಿನ್ನನ್ನೂ ಮನುಷ್ಯನನ್ನೂ ಕುರಿತು ಈ ಕ್ರಮ ಸಲ್ಲುತ್ತದೆಂದು ನನಗೆ ತೋರುತ್ತದೆ.

ಪಟ್ಟಿ ಬಿಟ್ಟುಹೋದದ್ದು, ತಂತಿ ತಪ್ಪಿದ್ದು ಉಸ್ತಾದರ ಷೆಡ್ಡಿನಲ್ಲಿಯೇ. ಅವರು ಅದನ್ನು ಮರೆಮಾಚಲಿಲ್ಲ. ‘ಕಣ್ಣು ಮಂಜಾಗಿತ್ತು ಚಿಕ್ಕೆಜಮಾನ್ರೆ, ಹುಡುಗನ ಕೆಲಸ ನಾನು ತಿರುಗಿ ನೋಡಬೇಕಾಗಿತ್ತು. ಅದಕ್ಕೆ ಬೈಯಿರಿ. ಎಂಜಿನ್ನು ಮಾತ್ರ ಡಾಕ್ಟರ ಕಾರಿಗೆ ಅಂತ ಹನ್ನೊಂದು ಅಂಗಡಿ ತಿರುಗಿ ತಂದದ್ದು’ ಎಂದರು. ಕೆಲಸದಲ್ಲಿ ಲೋಪವಾಗುವುದು ಬೇರೆ, ವಂಚನೆ ಬೇರೆ. ಈ ಎರಡನ್ನೂ ಬೇರೆಬೇರೆಯಾಗಿ ಕಾಣಿಸಿಕೊಟ್ಟದ್ದು ಮೀಟರಿನ ನಾಲ್ಕಾರು ಅಂಕಿಗಳು. ಭಾವನವರು ಹೆಚ್ಚು ಮಾತಾಡುವವರಲ್ಲ. ಬಾಕಿಯ ಹಣವನ್ನು ಎಣಿಸಿ ಎರಡು ಕೈಯಲ್ಲಿ ಕೊಟ್ಟರು. ಉಸ್ತಾದರು ಅದರಲ್ಲಿ ಪಟ್ಟಿಯ ಬೆಲೆಯನ್ನು ಹಿಂದಕ್ಕೆ ಕೊಡಹೋದಾಗ, ‘ಅದು ನನ್ನ ತಂದೆಯವರ ಲೆಕ್ಕದಲ್ಲಿರಲಿ, ಸಾಹೇಬ್ರೆ’ ಎಂದರು.

ಷೆಡ್ಡು ಈಗ ಮುಚ್ಚಿದೆ. ಕಾರು ಹುಣಸೂರಿನಲ್ಲಿದೆ, ಬೆಳಿಗ್ಗೆ ಚೋಕನ್ನು ಎಳೆದು ಕೀಲಿ ತಿರುಗಿಸಿದರೆ ಎರಡನೆಯ ಸುತ್ತಿಗೆ ಏಳುತ್ತದೆ. ಗುಂಡಿಯ ಮೇಲೆ ನಿಲ್ಲಿಸು ಎಂಬ ಡೀಸೆಲಿನ ಕಾಲದ ಅಕ್ಷರಗಳು ಇನ್ನೂ ಹಾಗೆಯೇ ಇವೆ. ಅಳಿಸಿಬಿಡೋಣವೇ ಎಂದು ಅಕ್ಕನ ಮಗಳು ಕೇಳಿದಾಗ ಭಾವನವರು ಬೇಡವೆಂದರಂತೆ.